ವಿ.ಕೆ. ಮೂರ್ತಿ, ಅವರ ಬೆಳಕು, ಅವರ ಕಾಲದ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಿಂದಿ ಚಿತ್ರಗಳ ಮಾತು ಬಂದಾಗ ಮೈಸೂರಿನ ಈ ಛಾಯಾಗ್ರಾಹಕರ ಹೆಸರೂ ಬರುತ್ತದೆ. ಹೆಸರಿನ ಹಿಂದೆಯೇ ಒಂದಷ್ಟು ದಂತಕಥೆಗಳೂ ಬರುತ್ತವೆ. ದಂತಕಥೆಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವು ಮೂರ್ತಿಯವರನ್ನು ಮಾಂತ್ರಿಕನನ್ನಾಗಿ ಮಾಡಿ, ಅವರು ಲೆಕ್ಕ ಹಾಕಿ ಕೆಲಸ ಮಾಡುತ್ತಿದ್ದ ಕಸುಬುದಾರ ಎಂಬುದನ್ನು ಮರೆಸುತ್ತವೆ. ಆದ್ದರಿಂದ ಇಲ್ಲಿನ ಉತ್ತರಗಳಲ್ಲಿ ಲೆನ್ಸು, ಫಿಲ್ಮು, ದೀಪಗಳ ಮಾತು ಸ್ವಲ್ಪ ಹೆಚ್ಚಾಗಿಯೇ ಇದೆ.

ವಿ.ಕೆ. ಮೂರ್ತಿ ಯಾರು?

ಪೂರ್ಣ ಹೆಸರು ವೆಂಕಟರಾಮ ಪಂಡಿತ ಕೃಷ್ಣಮೂರ್ತಿ. ಹುಟ್ಟಿದ್ದು 1923ರ ನವೆಂಬರ್ 26ರಂದು, ಮೈಸೂರಿನಲ್ಲಿ. ನಟ, ನಿರ್ದೇಶಕ ಗುರುದತ್ ಅವರ ‘ಪ್ಯಾಸಾ’ (1957), ‘ಕಾಗಜ್ ಕೆ ಫೂಲ್’ (1959) ಮತ್ತು ಗುರುದತ್ ನಿರ್ಮಾಣದ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರಗಳ ಛಾಯಾಗ್ರಾಹಕರು. ಕೊನೆಯ ಎರಡಕ್ಕೂ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ 2010ರಲ್ಲಿ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಅಲ್ಲಿಯವರೆಗೆ ನಟರು, ನಿರ್ದೇಶಕರು, ನಿರ್ಮಾಪಕರು, ಗಾಯಕರು ಎಲ್ಲರಿಗೂ ಸಿಕ್ಕಿದ್ದ ಪ್ರಶಸ್ತಿ ಕ್ಯಾಮೆರಾ ಹಿಂದೆ ನಿಂತವರನ್ನು ನೋಡಲು ನಾಲ್ಕು ದಶಕ ತೆಗೆದುಕೊಂಡಿತು. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ನಿಧನರಾದರು.

ಅವರು ಈ ವಿದ್ಯೆ ಕಲಿತದ್ದು ಎಲ್ಲಿ?

ಬೆಂಗಳೂರಿನಲ್ಲಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1960ರಲ್ಲಿ. ಅದಕ್ಕೂ ಎಷ್ಟೋ ಮೊದಲೇ, 1940ರ ದಶಕದಲ್ಲಿ, ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ಛಾಯಾಗ್ರಹಣ ಮತ್ತು ಶಬ್ದಗ್ರಹಣ ಕಲಿಸುವ ವ್ಯವಸ್ಥೆ ಇತ್ತು: ಶ್ರೀ ಜಯಚಾಮರಾಜೇಂದ್ರ ಹೆಸರಿನ ಸಂಸ್ಥೆ, ನಾವೆಲ್ಲ ಎಸ್‌.ಜೆ.ಪಿ. ಎಂದು ಕರೆಯುವ ಪಾಲಿಟೆಕ್ನಿಕ್. ಮೂರ್ತಿ ಅಲ್ಲಿಂದ 1946ರಲ್ಲಿ ಡಿಪ್ಲೊಮಾ ಪಡೆದು ಹೊರಬಂದರು. ಅದಕ್ಕೂ ಮುಂಚೆ ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲು ಕಂಡಿದ್ದರು. ಪಿಟೀಲು ಅಭ್ಯಾಸವೂ ಇತ್ತು. ಗುರುದತ್ ಚಿತ್ರಗಳ ಹಾಡುಗಳಲ್ಲಿ ಕ್ಯಾಮೆರಾ ಸರಿಯಾದ ಮಾತ್ರೆಗೆ ಹೊರಟು ಸರಿಯಾದ ಮಾತ್ರೆಗೆ ನಿಲ್ಲುವುದಕ್ಕೂ ಈ ಪಿಟೀಲಿಗೂ ಸಂಬಂಧವಿದೆ ಎಂದು ನಾನು ನಂಬುತ್ತೇನೆ. ಸಾಬೀತು ಮಾಡಲಾರೆ.

ಅದೇ ಸಂಸ್ಥೆಯಲ್ಲಿ ಮುಂದೆ ಗೋವಿಂದ ನಿಹಲಾನಿ ಕಲಿತರು, ಮುಂಬಯಿಗೆ ಹೋಗಿ ಮೂರ್ತಿಯವರಿಗೇ ಸಹಾಯಕರಾದರು. ಸಿನಿಮಾ ವಿಭಾಗ ಆಮೇಲೆ ಹೆಸರಘಟ್ಟಕ್ಕೆ ಸ್ಥಳಾಂತರವಾಯಿತು.

ಗುರುದತ್ ಜೊತೆ ಸೇರಿದ್ದು ಹೇಗೆ?

ಮುಂಬಯಿಯಲ್ಲಿ ಮೂರ್ತಿ ಮೊದಲು ಸಹಾಯಕರಾಗಿಯೇ ದುಡಿದರು. ಫಾಲಿ ಮಿಸ್ತ್ರಿ ಅವರ ಬಳಿ ಕಲಿತದ್ದನ್ನು ಕೊನೆಯವರೆಗೂ ನೆನೆಯುತ್ತಿದ್ದರು. ಗುರುದತ್ ನಿರ್ದೇಶನದ ಮೊದಲ ಚಿತ್ರ ‘ಬಾಜಿ’ಗೆ (1951) ಛಾಯಾಗ್ರಾಹಕರು ವಿ. ರಾತ್ರಾ; ರಾತ್ರಾ ಅವರಿಗೆ ಮೂರ್ತಿ ಸಹಾಯಕ. ಹಾಡೊಂದರ ಚಿತ್ರೀಕರಣದಲ್ಲಿ ಕನ್ನಡಿಯ ಪ್ರತಿಬಿಂಬದಿಂದ ಹೊರಟು ಚಲಿಸುವ ಒಂದು ಕಷ್ಟದ ಶಾಟ್ ಅನ್ನು ಮೂರ್ತಿ ಸೂಚಿಸಿದರು. ರಾತ್ರಾ ದೊಡ್ಡ ಮನಸ್ಸಿನವರು, ನೀನೇ ಮಾಡು ಎಂದು ಕ್ಯಾಮೆರಾ ಬಿಟ್ಟುಕೊಟ್ಟರು. ಶಾಟ್ ಚೆನ್ನಾಗಿ ಬಂತು. ಮುಂದಿನ ಚಿತ್ರಕ್ಕೆ ನೀವೇ ಎಂದರು ಗುರುದತ್. ಹೀಗೆ ‘ಜಾಲ್’ (1952) ಮೂರ್ತಿಯವರ ಸ್ವತಂತ್ರ ಛಾಯಾಗ್ರಹಣದ ಮೊದಲ ಚಿತ್ರವಾಯಿತು.

ಗುರುದತ್ ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದವರು. ಮೈಸೂರಿನ ಮೂರ್ತಿಗೂ ಅವರಿಗೂ ಎರಡೇ ವರ್ಷದ ಅಂತರ.

ಛಾಯಾಗ್ರಾಹಕ ಎಂದರೆ ಕ್ಯಾಮೆರಾ ಹಿಡಿಯುವವರೇ?

ಹಿಡಿಯಲೂಬಹುದು, ಹಿಡಿಯದೆಯೂ ಇರಬಹುದು. ದೃಶ್ಯಕ್ಕೆ ಬೆಳಕು ಎಲ್ಲಿಂದ ಬರಬೇಕು, ಎಷ್ಟು ಬರಬೇಕು, ಯಾವ ಲೆನ್ಸು, ಎಷ್ಟು ಎಕ್ಸ್‌ಪೋಷರ್, ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂದು ನಿರ್ಧರಿಸುವುದು ಅವರ ಕೆಲಸ. ಕ್ಯಾಮೆರಾ ನಡೆಸಲು ಆಪರೇಟರ್ ಇರುತ್ತಾರೆ, ದೂರ ಅಳೆದು ಲೆನ್ಸಿನ ಬಳೆ ತಿರುಗಿಸಲು ಫೋಕಸ್ ಪುಲ್ಲರ್ ಇರುತ್ತಾರೆ, ದೀಪ ಹೊರಲು ಲೈಟ್ ಬಾಯ್‌ಗಳಿರುತ್ತಾರೆ. ನಮ್ಮಲ್ಲಿ ಬಹಳಷ್ಟು ಛಾಯಾಗ್ರಾಹಕರು ಆಪರೇಟರ್ ಕೆಲಸವನ್ನೂ ತಾವೇ ಮಾಡುತ್ತಾರೆ.

ಆ ಕಾಲದಲ್ಲಿ ಯಾವ ಕ್ಯಾಮೆರಾ ಬಳಸುತ್ತಿದ್ದರು?

ಸ್ಟುಡಿಯೋಗಳಲ್ಲಿ ಅಮೆರಿಕದ ಮಿಚೆಲ್ ಕ್ಯಾಮೆರಾಗಳಿಗೆ ಬಹಳ ಮರ್ಯಾದೆಯಿತ್ತು. 35 ಮಿ.ಮೀ. ಫಿಲ್ಮು, ಮೇಲೆ ಎರಡು ಕಿವಿಗಳಂತೆ ಕೂರುವ 1000 ಅಡಿಯ ಮ್ಯಾಗಜಿನ್, ಅಂದರೆ ಫಿಲ್ಮಿನ ಡಬ್ಬಿ. ಸೆಕೆಂಡಿಗೆ 24 ಚೌಕಟ್ಟು, ಅಡಿಗೆ 16 ಚೌಕಟ್ಟು. ಅಂದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿ ಹನ್ನೊಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಫಿಲ್ಮು ವಿದೇಶದಿಂದ ಬರಬೇಕಾದ ಕಾಲ, ಪ್ರತಿ ಅಡಿಗೂ ಲೆಕ್ಕ.

ಈಗಿನವರಿಗೆ ನಂಬಲು ಕಷ್ಟವಾಗುವ ಸಂಗತಿ ಬೇರೆ. ಅಂದಿನ ಮಿಚೆಲ್‌ನಲ್ಲಿ, ಶಾಟ್ ನಡೆಯುತ್ತಿರುವಾಗ ಲೆನ್ಸು ಏನು ನೋಡುತ್ತಿದೆಯೋ ಅದನ್ನು ಆಪರೇಟರ್ ನೋಡುವಂತಿರಲಿಲ್ಲ. ಮೊದಲು ಕ್ಯಾಮೆರಾದ ಒಡಲನ್ನು ಪಕ್ಕಕ್ಕೆ ಜರುಗಿಸಿ, ಲೆನ್ಸಿನ ಹಿಂದೆ ಕಣ್ಣಿಟ್ಟು ಚೌಕಟ್ಟು, ಫೋಕಸ್ ಎರಡನ್ನೂ ಹೊಂದಿಸಿಕೊಳ್ಳಬೇಕು. ಆಮೇಲೆ ಒಡಲನ್ನು ಮತ್ತೆ ಸ್ವಸ್ಥಾನಕ್ಕೆ ತಂದು, ಫಿಲ್ಮು ಲೆನ್ಸಿನ ಹಿಂದೆ ಬಂದ ಮೇಲೆ ಚಿತ್ರೀಕರಣ. ಆಗ ನೋಡುವುದು ಪಕ್ಕಕ್ಕೆ ಜೋಡಿಸಿದ ವ್ಯೂಫೈಂಡರ್‌ನಲ್ಲಿ. ಅದು ಒಂದಷ್ಟು ಇಂಚು ಪಕ್ಕದಿಂದ ನೋಡುವುದರಿಂದ, ನಟಿ ಹತ್ತಿರ ಬಂದಷ್ಟೂ ಅದು ತೋರಿಸುವುದಕ್ಕೂ ಲೆನ್ಸು ಕಾಣುವುದಕ್ಕೂ ವ್ಯತ್ಯಾಸ. ಫೋಕಸ್ ಅಂತೂ ಅದರಲ್ಲಿ ತಿಳಿಯುವುದೇ ಇಲ್ಲ. ಟೇಪು ಹಿಡಿದು ಅಳೆದು, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಲ್ಯಾಬಿನಿಂದ ರಶಸ್, ಅಂದರೆ ತೊಳೆದು ಮುದ್ರಿಸಿದ ಮೊದಲ ಪ್ರತಿ, ಬರುವವರೆಗೆ ಕಾಯಬೇಕು. ‘ಪ್ಯಾಸಾ’ದ ಉದ್ದುದ್ದ ಟ್ರಾಲಿ ಶಾಟ್‌ಗಳನ್ನು ನೋಡುವಾಗ ಇಷ್ಟು ನೆನಪಿಟ್ಟುಕೊಂಡರೆ ಸಾಕು, ಬೇರೆ ಹೊಗಳಿಕೆ ಬೇಕಾಗಿಲ್ಲ.

ಶಾಟ್ ನಡೆಯುವಾಗಲೇ ಲೆನ್ಸಿನ ಮೂಲಕ ನೋಡುವ ಸೌಲಭ್ಯವನ್ನು ಜರ್ಮನಿಯ ಆರಿ ಕಂಪನಿ 1937ರಲ್ಲೇ ತಂದಿತ್ತು: ತಿರುಗುವ ಶಟರಿಗೇ ಕನ್ನಡಿ. ಹಗುರವಾದ ಆರಿಫ್ಲೆಕ್ಸ್ ಹೊರಾಂಗಣಕ್ಕೆ ಹೇಳಿ ಮಾಡಿಸಿದ ಕ್ಯಾಮೆರಾ, ಆದರೆ ಸದ್ದು ಮಾಡುತ್ತಿತ್ತು. ಮಾತಿನ ದೃಶ್ಯಕ್ಕೆ ಅದು ತೊಂದರೆ. ಹಾಡಿಗೆ ತೊಂದರೆಯಿಲ್ಲ, ಏಕೆಂದರೆ ಹಾಡು ಮೊದಲೇ ಧ್ವನಿಮುದ್ರಣ ಆಗಿರುತ್ತದೆ.

ಅಷ್ಟೊಂದು ದೀಪಗಳು ಏಕೆ ಬೇಕಾಗುತ್ತಿದ್ದವು?

ಫಿಲ್ಮು ನಿಧಾನ, ಅಂದರೆ ಬೆಳಕಿಗೆ ಅದರ ಸ್ಪಂದನ ಕಡಿಮೆ. ಒಂದು ಸರಳ ಲೆಕ್ಕವಿದೆ. 24 ಚೌಕಟ್ಟಿನ ವೇಗದಲ್ಲಿ, ಲೆನ್ಸಿನ ಎಫ್ 2.8 ದ್ವಾರದಲ್ಲಿ, 100 ಎ.ಎಸ್‌.ಎ. ಫಿಲ್ಮಿಗೆ ಸುಮಾರು 100 ಫುಟ್‌ಕ್ಯಾಂಡಲ್ ಬೆಳಕು ಬೇಕು (ಎ.ಎಸ್‌.ಎ. ಫಿಲ್ಮಿನ ವೇಗದ ಅಳತೆ, ಫುಟ್‌ಕ್ಯಾಂಡಲ್ ಮೇಲೆ ಬೀಳುವ ಬೆಳಕಿನ ಅಳತೆ). 1950ರ ದಶಕದ ಈಸ್ಟ್‌ಮನ್ ಬಣ್ಣದ ಫಿಲ್ಮಿನ ವೇಗ ಸ್ಟುಡಿಯೋ ದೀಪದಲ್ಲಿ 25 ಎ.ಎಸ್‌.ಎ.; ಅದಕ್ಕೆ 400 ಫುಟ್‌ಕ್ಯಾಂಡಲ್. ಇಂದಿನ ಡಿಜಿಟಲ್ ಕ್ಯಾಮೆರಾವನ್ನು 800ಕ್ಕೆ ಇಟ್ಟುಕೊಂಡರೆ ಹನ್ನೆರಡೂವರೆ ಸಾಕು. ಮೂವತ್ತೆರಡು ಪಟ್ಟು ವ್ಯತ್ಯಾಸ.

ಕಪ್ಪು-ಬಿಳುಪಿನ ಫಿಲ್ಮು ಇದಕ್ಕಿಂತ ವೇಗದ್ದು, ಆದರೂ ಸೆಟ್ಟಿನಲ್ಲಿ ಸೆಕೆ ತಪ್ಪುತ್ತಿರಲಿಲ್ಲ. ಸಾವಿರ ವಾಟಿನ ಬೇಬಿ, ಎರಡು ಸಾವಿರದ ಜೂನಿಯರ್, ಐದು ಸಾವಿರದ ಸೀನಿಯರ್, ಅದಕ್ಕೂ ಮೇಲೆ ಇದ್ದಿಲ ಕಡ್ಡಿ ಉರಿಸುವ ಆರ್ಕ್ ದೀಪಗಳು. ಆರ್ಕ್ ದೀಪದ ಕಡ್ಡಿ ಉರಿದು ಸವೆಯುತ್ತಿತ್ತು, ಅದನ್ನು ಬದಲಿಸಲು ಒಬ್ಬ ಮೇಲೆ ಅಟ್ಟಣಿಗೆಯಲ್ಲೇ ಕುಳಿತಿರಬೇಕಿತ್ತು. ಆ ಜನರ ಹೆಸರು ಯಾವ ಟೈಟಲ್ ಕಾರ್ಡಿನಲ್ಲೂ ಇಲ್ಲ.

‘ಕಾಗಜ್ ಕೆ ಫೂಲ್’ ಚಿತ್ರದ ಆ ಬಿಸಿಲುಕೋಲು: ನಿಜವಾಗಿಯೂ ಕನ್ನಡಿಯಿಂದ ಮಾಡಿದ್ದೇ?

ಹೌದು. ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದೇ, ಮತ್ತು ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಹೇಳುವ ಉತ್ತರವೂ ಇದರದ್ದೇ.

‘ವಕ್ತ್ ನೇ ಕಿಯಾ’ ಹಾಡಿನಲ್ಲಿ, ಖಾಲಿ ಸ್ಟುಡಿಯೋದ ಕತ್ತಲಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ನಿಂತಿದ್ದಾರೆ, ಮೇಲಿನಿಂದ ಓರೆಯಾಗಿ ಒಂದು ಬೆಳಕಿನ ಕಂಬ ಇಳಿದಿದೆ. ಸೂರ್ಯನ ಬೆಳಕು ಒಳಗೆ ಬಿದ್ದಂತೆ ಇರಬೇಕು ಎಂಬುದು ಗುರುದತ್ ಬಯಕೆ. ಯಾರೋ ಕನ್ನಡಿ ಆಡಿಸುವಾಗ ಗೋಡೆಯ ಮೇಲೆ ಓಡಿದ ಬಿಸಿಲನ್ನು ಕಂಡು ಮೂರ್ತಿಗೆ ದಾರಿ ಹೊಳೆಯಿತು ಎನ್ನುತ್ತಾರೆ. ಹೊರಗೆ ಒಂದು ದೊಡ್ಡ ಕನ್ನಡಿ ಬಿಸಿಲನ್ನು ಒಳಕ್ಕೆ ಎಸೆಯಿತು, ಒಳಗೆ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿ ಅದನ್ನು ಕೆಳಕ್ಕೆ ತಿರುಗಿಸಿತು. ಕೋಲು ಕಣ್ಣಿಗೆ ಕಾಣಲು ಗಾಳಿಯಲ್ಲಿ ಹೊಗೆ.

ಹೀಗೆ ಹೇಳಿ ‘ಎಂಥ ಉಪಾಯ, ದುಡ್ಡಿಲ್ಲದೆ ಮಾಡಿದರು!’ ಎಂದು ನಿಟ್ಟುಸಿರು ಬಿಡುವವರೇ ಹೆಚ್ಚು. ಬಡತನದ ಉಪಾಯ ಅಲ್ಲ ಅದು. ಸ್ಟುಡಿಯೋದ ಯಾವ ದೀಪದಿಂದಲೂ ಆ ಕೋಲು ಬರುತ್ತಿರಲಿಲ್ಲ ಎನ್ನುವುದು ಮುಖ್ಯ. ದೀಪ ಹತ್ತಿರದಲ್ಲಿರುತ್ತದೆ, ಅದರ ಕಿರಣಗಳು ಹೊರಟಲ್ಲಿಂದಲೇ ಅಗಲವಾಗುತ್ತಾ ಹೋಗುತ್ತವೆ, ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ದೀಪದ ಕೋಲು ಮೇಲೆ ಸಣ್ಣ, ಕೆಳಗೆ ದಪ್ಪ. ಮೇಲೆ ಉಜ್ವಲ, ಕೆಳಗೆ ಮಂಕು. ನೋಡಿದ ಕೂಡಲೇ ನಾಟಕದ ಸ್ಪಾಟ್‌ಲೈಟ್ ಎಂದು ತಿಳಿದುಬಿಡುತ್ತದೆ. ಸೂರ್ಯ ಎಷ್ಟು ದೂರವೆಂದರೆ ಅವನ ಕಿರಣಗಳು ನಮಗೆ ತಲುಪುವಾಗ ಹೆಚ್ಚು ಕಡಿಮೆ ಸಮಾನಾಂತರ. ಚಪ್ಪಟೆ ಕನ್ನಡಿ ಅದನ್ನು ಕೆಡಿಸುವುದಿಲ್ಲ. ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪ, ಒಂದೇ ಕಾಂತಿ.

ಇನ್ನೊಂದು ತೊಡಕನ್ನು ಯಾರೂ ಹೇಳುವುದಿಲ್ಲ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಷ್ಟು ಜರುಗುತ್ತಾನೆ. 50 ಅಡಿ ದೂರಕ್ಕೆ ಎಸೆದ ಬಿಸಿಲು ಅಷ್ಟರಲ್ಲಿ ಸುಮಾರು 10 ಇಂಚು ಸರಿದಿರುತ್ತದೆ. ನಟರು ನಿಂತ ಜಾಗ ಬಿಟ್ಟು ಬೆಳಕು ಹೊರಟುಹೋಗುತ್ತದೆ. ಆದ್ದರಿಂದ ಇಂಥ ಏರ್ಪಾಡಿನಲ್ಲಿ ಕನ್ನಡಿಯನ್ನು ಮತ್ತೆ ಮತ್ತೆ ಕೂದಲೆಳೆಯಷ್ಟು ತಿರುಗಿಸುತ್ತಲೇ ಇರಬೇಕು, ಮೋಡ ಬಂದರೆ ಕೈಕಟ್ಟಿ ಕೂರಬೇಕು, ಮಧ್ಯಾಹ್ನ ಇಳಿದರೆ ಅಂದಿನ ಕೆಲಸ ಮುಗಿಯಿತು. ದೀಪ ಹಚ್ಚುವುದಕ್ಕಿಂತ ಇದು ದುಬಾರಿ ಕೆಲಸ, ಸಮಯದ ಲೆಕ್ಕದಲ್ಲಿ.

ಅದೇ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್ ಅಲ್ಲವೇ? ಅದರಿಂದ ಛಾಯಾಗ್ರಾಹಕರಿಗೆ ಏನು ವ್ಯತ್ಯಾಸ?

ಹೌದು, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಹಾಲಿವುಡ್‌ನಲ್ಲಿ ಈ ಪದ್ಧತಿ ತೆರೆಗೆ ಬಂದದ್ದು 1953ರಲ್ಲಿ. ಮೂಲ ಲೆನ್ಸು ಫ್ರಾನ್ಸಿನ ಹೆನ್ರಿ ಕ್ರೆಟಿಯನ್ ಅವರ ಆವಿಷ್ಕಾರ. ಅನಾಮಾರ್ಫಿಕ್ ಲೆನ್ಸು ದೃಶ್ಯವನ್ನು ಅಡ್ಡಕ್ಕೆ ಅರ್ಧದಷ್ಟು ಅದುಮಿ ಮಾಮೂಲಿ 35 ಮಿ.ಮೀ. ಫಿಲ್ಮಿನ ಮೇಲೆ ಮೂಡಿಸುತ್ತದೆ, ಚಿತ್ರಮಂದಿರದ ಪ್ರೊಜೆಕ್ಟರಿನ ಲೆನ್ಸು ಅದನ್ನು ಮತ್ತೆ ಅಗಲಿಸುತ್ತದೆ. ಎತ್ತರ ಒಂದಾದರೆ ಅಗಲ ಎರಡೂಕಾಲಕ್ಕೂ ಹೆಚ್ಚು.

ಕೇಳಲು ಸುಲಭ. ಆದರೆ ಆ ಕಾಲದ ಅನಾಮಾರ್ಫಿಕ್ ಲೆನ್ಸುಗಳು ಬೆಳಕು ಬೇಡುತ್ತಿದ್ದವು. ಚಿತ್ರ ಚೊಕ್ಕವಾಗಿ ಬರಲು ದ್ವಾರವನ್ನು ಕಿರಿದು ಮಾಡಲೇಬೇಕು, ಕಿರಿದು ಮಾಡಿದರೆ ಇನ್ನಷ್ಟು ದೀಪ. ಹತ್ತಿರದ ಮುಖದ ಮೇಲೆ ಅದುಮುವ ಪ್ರಮಾಣ ಸ್ವಲ್ಪ ತಪ್ಪುತ್ತಿದ್ದುದರಿಂದ ಕೆನ್ನೆಗಳು ಊದಿಕೊಂಡಂತೆ ಕಾಣುತ್ತಿದ್ದವು. ಹಾಲಿವುಡ್‌ನವರು ಇದಕ್ಕೆ ಮಂಗನಬಾವು ಎಂದೇ ಹೆಸರಿಟ್ಟಿದ್ದರು! ಜೊತೆಗೆ, ಅಗಲ ತೆರೆಯಲ್ಲಿ ಒಂಟಿ ಮುಖ ಇಟ್ಟರೆ ಉಳಿದ ಜಾಗಕ್ಕೆ ಏನು ತುಂಬುವುದು? ಆ ಕಥೆ ನಡೆಯುವುದೇ ಸ್ಟುಡಿಯೋದ ಒಳಗೆ, ಸೋತ ನಿರ್ದೇಶಕನೊಬ್ಬನ ಸುತ್ತ. ಮೂರ್ತಿ ಆ ಜಾಗಕ್ಕೆ ಕತ್ತಲನ್ನೇ ತುಂಬಿದರು. ಮೊದಲ ಸಲಕ್ಕೇ ಹೊಸ ಉಪಕರಣದ ಕೊರತೆಯನ್ನು ಕಥೆಯ ಅಗತ್ಯದ ಕಡೆ ತಿರುಗಿಸಿಕೊಂಡದ್ದು ಬಿಸಿಲುಕೋಲಿಗಿಂತ ದೊಡ್ಡ ಸಾಧನೆ ಎಂಬುದು ನನ್ನ ಎಣಿಕೆ.

ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಗುರುದತ್ ಮತ್ತೆ ನಿರ್ದೇಶಕರಾಗಿ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ.

ಕ್ಲೋಸ್-ಅಪ್‌ಗಳಲ್ಲಿ ಅವರ ವಿಶೇಷವೇನು?

ಉದ್ದ ಲೆನ್ಸು: 75 ಮಿ.ಮೀ. ಮತ್ತು ಅದಕ್ಕೂ ಮೇಲಿನದು. ಮುಖ ಹತ್ತಿರ ಕಂಡರೂ ಕ್ಯಾಮೆರಾ ದೂರವೇ ಇರುತ್ತದೆ. ಮೂಗು ದಪ್ಪ ಕಾಣುವುದಿಲ್ಲ, ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಉಳಿಯುತ್ತದೆ. ಗುರುದತ್‌ಗೆ ಕಣ್ಣು ಮುಖ್ಯ, ಮಾತು ಆಮೇಲೆ. ‘ಸಾಹಿಬ್ ಬೀಬಿ ಔರ್ ಗುಲಾಮ್’ನಲ್ಲಿ ಛೋಟಿ ಬಹು ಮೊದಲು ಕಾಣಿಸುವ ದೃಶ್ಯ ನೋಡಿ: ಮೊದಲು ಪಾದ, ಆಮೇಲೆ ಬಹಳ ತಡವಾಗಿ ಮೀನಾಕುಮಾರಿಯ ಮುಖ. ತಲೆ ತಗ್ಗಿಸಿದ ನಾಯಕ ಭೂತನಾಥ ಕಂಡಷ್ಟೇ ನಮಗೂ ಕಾಣುತ್ತದೆ.

ಅದೇ ಚಿತ್ರದ ಹಾಡಿನಲ್ಲಿ ನರ್ತಕಿಯರೆಲ್ಲ ನೆರಳಾಗಿ ಕಾಣುವುದೇಕೆ?

‘ಸಾಕಿಯಾ ಆಜ್ ಮುಝೆ’ ಹಾಡು. ಹಿಂದೆ ನಿಂತ ಸಹನರ್ತಕಿಯರು ಗುರುದತ್‌ಗೆ ಒಪ್ಪಿಗೆಯಾಗಲಿಲ್ಲ. ಅವರನ್ನು ಬದಲಿಸುವ ಬದಲು, ಅವರ ಮೇಲೆ ಬೆಳಕೇ ಬೀಳದಂತೆ ಮಾಡಿದರು ಮೂರ್ತಿ. ಮಿನೂ ಮಮ್ತಾಜ್ ಒಬ್ಬರೇ ಬೆಳಕಿನಲ್ಲಿ, ಉಳಿದವರು ಕಪ್ಪು ಆಕಾರಗಳು. ಹೇಳಿದಷ್ಟು ಸುಲಭವಲ್ಲ: ಕುಣಿಯುವವರು ಒಂದೆಡೆ ನಿಲ್ಲುವುದಿಲ್ಲ, ಮುಖ್ಯ ನರ್ತಕಿಯ ದೀಪ ಪಕ್ಕದವರ ಮೇಲೆ ಚೆಲ್ಲುತ್ತದೆ. ದೀಪದ ಮುಂದೆ ಕಟರ್‌ಗಳನ್ನಿಟ್ಟು ಬೆಳಕಿಗೆ ಅಂಚು ಕತ್ತರಿಸಬೇಕು, ನರ್ತಕಿಯರೂ ಆ ಅಂಚನ್ನು ದಾಟಬಾರದು. ಇಂದು ಅದನ್ನು ಸೌಂದರ್ಯದ ಆಯ್ಕೆ ಎಂದು ಪಾಠ ಮಾಡುತ್ತಾರೆ. ಆಯ್ಕೆ ಹೌದು, ಹುಟ್ಟಿದ್ದು ಮಾತ್ರ ಅಂದಿನ ಪೇಚಿನಿಂದ.

ಬಣ್ಣದ ಚಿತ್ರಗಳನ್ನೂ ಮಾಡಿದರೇ?

ಮಾಡಿದರು. ಕಲಿಯಲೆಂದು ಗುರುದತ್ ಅವರನ್ನು ಇಂಗ್ಲೆಂಡಿಗೆ ಕಳಿಸಿದ್ದರು. ಅಲ್ಲಿ ‘ದಿ ಗನ್ಸ್ ಆಫ್ ನವರೋನ್’ ತಂಡದ ಕೆಲಸವನ್ನು ಹತ್ತಿರದಿಂದ ಕಂಡರು. ‘ಚೌದ್ವೀ ಕಾ ಚಾಂದ್’ (1960) ಕಪ್ಪು-ಬಿಳುಪಿನ ಚಿತ್ರ, ಶೀರ್ಷಿಕೆ ಗೀತೆಯನ್ನು ಆಮೇಲೆ ಬಣ್ಣದಲ್ಲಿ ತೆಗೆದರು. ಮೇಲೆ ಹೇಳಿದ ಫುಟ್‌ಕ್ಯಾಂಡಲ್ ಲೆಕ್ಕ ಇಲ್ಲಿ ನೆನಪಿಸಿಕೊಳ್ಳಿ. ಆ ದೀಪಗಳ ಝಳಕ್ಕೆ ವಹೀದಾ ರೆಹಮಾನ್ ಅವರ ಕಣ್ಣು ಕೆಂಪಾಯಿತು. ಮಲಗಿ ಎದ್ದ ನಾಯಿಕೆಯ ಕೆಂಪು ಕಣ್ಣು ಸೆನ್ಸಾರ್ ಮಂಡಳಿಗೆ ಬೇರೆಯೇ ಅರ್ಥ ಕೊಟ್ಟಿತು, ಆಕ್ಷೇಪ ಬಂತು ಎಂದು ವಹೀದಾ ಅವರೇ ನಗುತ್ತಾ ಹೇಳಿಕೊಂಡಿದ್ದಾರೆ.

ಗುರುದತ್ 1964ರಲ್ಲಿ ತೀರಿಕೊಂಡ ಮೇಲೆ ‘ಲವ್ ಇನ್ ಟೋಕಿಯೊ’, ‘ಸೂರಜ್’ (ಎರಡೂ 1966) ಮುಂತಾದ ಜನಪ್ರಿಯ ಬಣ್ಣದ ಚಿತ್ರಗಳು ಬಂದವು. ಚೊಕ್ಕ ಕೆಲಸ. ನೆರಳಿಗೆ ಅಲ್ಲಿ ಜಾಗ ಕಡಿಮೆ. ಕಿರುತೆರೆಗೆ ‘ಭಾರತ್ ಏಕ್ ಖೋಜ್’, ‘ತಮಸ್’ ಧಾರಾವಾಹಿಗಳಲ್ಲಿ ಕ್ಯಾಮೆರಾ ಹಿಡಿದಾಗ ಅವರಿಗೆ ಅರವತ್ತು ದಾಟಿತ್ತು. ‘ತಮಸ್’ ನಿರ್ದೇಶಕ ಅವರ ಹಳೆಯ ಸಹಾಯಕ ನಿಹಲಾನಿ.

ಕನ್ನಡ ಚಿತ್ರ ಮಾಡಲಿಲ್ಲವೇ?

‘ಹೂವು ಹಣ್ಣು’ (1993), ಎಸ್‌.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನ, ತ್ರಿವೇಣಿಯವರ ಕಾದಂಬರಿ ಆಧಾರಿತ. ಎಪ್ಪತ್ತರ ಹೊಸ್ತಿಲಲ್ಲಿ ತಾಯ್ನುಡಿಯ ನೆಲಕ್ಕೆ ಬಂದರು. ನಮ್ಮ ಚಿತ್ರರಂಗಕ್ಕೆ ಆ ಹೊತ್ತಿಗೆ ತನ್ನದೇ ದೊಡ್ಡ ಛಾಯಾಗ್ರಾಹಕರ ಸಾಲಿತ್ತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ಯನ್ನು (1964) ಕೊಟ್ಟ ಬಿ.ಎಸ್‌. ರಂಗಾ ಸ್ವತಃ ಛಾಯಾಗ್ರಾಹಕರು. ಆಮೇಲೆ ‘ದ್ವೀಪ’ಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ರಾಮಚಂದ್ರ ಹಾಲ್ಕೆರೆ ಇದ್ದಾರೆ, ಶರಾವತಿ ಹಿನ್ನೀರಿನ ಮಳೆಯನ್ನು ಅಷ್ಟು ಚೆನ್ನಾಗಿ ಬೇರೆ ಯಾರೂ ಹಿಡಿದಿಲ್ಲ.

ಈಗಿನ ಡಿಜಿಟಲ್ ಕ್ಯಾಮೆರಾ ಇದ್ದಿದ್ದರೆ ಮೂರ್ತಿಯವರ ಕೆಲಸ ಸುಲಭವಾಗುತ್ತಿತ್ತಲ್ಲವೇ?

ಸುಲಭ ಆಗುತ್ತಿತ್ತು, ಬೇರೆಯೂ ಆಗುತ್ತಿತ್ತು. 2007ರಲ್ಲಿ ರೆಡ್ ಒನ್, 2010ರಲ್ಲಿ ಆರಿ ಅಲೆಕ್ಸಾ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಫಿಲ್ಮು ಮೂಲೆಗೆ ಸರಿಯಿತು. ಇವತ್ತು ಕ್ಯಾಮೆರಾ ಏನು ಕಾಣುತ್ತಿದೆ ಎಂಬುದು ಮಾನಿಟರಿನಲ್ಲಿ ನಿರ್ದೇಶಕರಿಗೆ, ನಿರ್ಮಾಪಕರಿಗೆ, ಕಾಫಿ ತಂದವರಿಗೂ ಕಾಣುತ್ತದೆ, ಎಲ್ಲರಿಗೂ ಅಭಿಪ್ರಾಯವಿರುತ್ತದೆ. ಮೂರ್ತಿಯವರ ಕಾಲದಲ್ಲಿ ರಶಸ್ ಬರುವವರೆಗೆ ಚಿತ್ರ ಹೇಗಿದೆ ಎಂದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ‘ಇಷ್ಟು ಕತ್ತಲೆ ಬೇಡ’ ಎಂದು ಹೇಳಲು ಬೇರೆಯವರಿಗೆ ಆಧಾರವೇ ಇರಲಿಲ್ಲ.

ದೀಪ ಕಡಿಮೆ ಸಾಕು ಎಂಬುದರ ಇನ್ನೊಂದು ಮುಖವೂ ಇದೆ. 25 ಎ.ಎಸ್‌.ಎ.ಗೆ ನೀವು ಬೆಳಗಿಸದ ಜಾಗ ತಾನಾಗಿ ಕಪ್ಪು. 800ಕ್ಕೆ ಕಿಟಕಿಯ ಬೆಳಕು, ಟ್ಯೂಬ್‌ಲೈಟು, ಗೋಡೆಯ ಪ್ರತಿಫಲನ ಎಲ್ಲವೂ ಒಳಗೆ ನುಗ್ಗುತ್ತವೆ. ಹಾಗಾಗಿ ಇಂದಿನವರ ಅರ್ಧ ದಿನ ಕಪ್ಪು ಬಟ್ಟೆ ಕಟ್ಟಿ ಬೆಳಕನ್ನು ತಡೆಯುವುದರಲ್ಲೇ ಕಳೆಯುತ್ತದೆ.

ಛಾಯಾಗ್ರಾಹಕರಾಗಬೇಕು. ಸ್ವಂತ ಕ್ಯಾಮೆರಾ ಕೊಳ್ಳಲೇ?

ಬೇಡ. ಚಿತ್ರೀಕರಣದ ಕ್ಯಾಮೆರಾ, ಲೆನ್ಸುಗಳು ಬಾಡಿಗೆಗೆ ಬರುತ್ತವೆ, ಅವುಗಳ ಜೊತೆಗೆ ನೋಡಿಕೊಳ್ಳುವ ಅಟೆಂಡೆಂಟ್ ಕೂಡ ಬರುತ್ತಾರೆ. ಸಾಲ ಮಾಡಿ ಕೊಂಡ ಕ್ಯಾಮೆರಾ ಕಂತು ತೀರುವ ಮೊದಲೇ ಹಳತಾಗುತ್ತದೆ, ಕಂತಿಗಾಗಿ ಸಿಕ್ಕಿದ ಮದುವೆ ವಿಡಿಯೋಗಳನ್ನೆಲ್ಲ ಒಪ್ಪಿಕೊಳ್ಳಬೇಕಾಗುತ್ತದೆ. ಕೊಳ್ಳಲೇಬೇಕಿದ್ದರೆ ಒಂದು ಲೈಟ್ ಮೀಟರ್, ಒಂದು ಹಳೆಯ ಸ್ಟಿಲ್ ಕ್ಯಾಮೆರಾ, 50 ಮಿ.ಮೀ. ಲೆನ್ಸು ಸಾಕು.

ಕೋರ್ಸ್ ಮಾಡಬೇಕೇ, ಸಹಾಯಕರಾಗಿ ಸೇರಬೇಕೇ?

ಮೂರ್ತಿ ಎರಡನ್ನೂ ಮಾಡಿದರು. ಹೆಸರಘಟ್ಟದ ಸರ್ಕಾರಿ ಸಂಸ್ಥೆ, ಪುಣೆ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಇವುಗಳಲ್ಲಿ ಛಾಯಾಗ್ರಹಣದ ತರಬೇತಿಯಿದೆ. ಅಲ್ಲಿ ಸಿಗುವುದು ತಪ್ಪು ಮಾಡಲು ಅವಕಾಶ. ಯೂನಿಟ್‌ನಲ್ಲಿ ತಪ್ಪು ಮಾಡಿದರೆ ನಾಳೆಯಿಂದ ಕರೆ ಬರುವುದಿಲ್ಲ. ಆದರೆ ಸೆಟ್ಟಿನ ವೇಗ, ಕಾಯುವ ತಾಳ್ಮೆ, ಲೈಟ್ ಬಾಯ್‌ಗಳ ಜೊತೆ ಮಾತನಾಡುವ ರೀತಿ ಯಾವ ಕೋರ್ಸಿನಲ್ಲೂ ಬರುವುದಿಲ್ಲ. ಸಂಬಳ ಮೊದಲ ಕೆಲವು ವರ್ಷ ಹೇಳಿಕೊಳ್ಳುವಂತಿರುವುದಿಲ್ಲ, ಅದನ್ನು ಮನೆಯವರಿಗೆ ಮುಂಚಿತವಾಗಿ ತಿಳಿಸುವುದು ಒಳ್ಳೆಯದು.

ಈ ಕ್ಷೇತ್ರದಲ್ಲಿ ಮಹಿಳೆಯರಿದ್ದಾರೆಯೇ?

ಇದ್ದಾರೆ, ಇನ್ನೂ ಸಾಲದು. 1980ರ ದಶಕದಲ್ಲಿ ತಮಿಳು ಚಿತ್ರರಂಗದಲ್ಲಿ ಬಾಗಿಲು ತೆರೆದವರು ಬಿ.ಆರ್‌. ವಿಜಯಲಕ್ಷ್ಮಿ, ನಮ್ಮ ಬಿ.ಆರ್‌. ಪಂತುಲು ಅವರ ಮಗಳು.

ಮೂರ್ತಿಯವರ ಚಿತ್ರಗಳನ್ನು ಯಾವುದರಿಂದ ನೋಡಲು ಶುರು ಮಾಡಲಿ?

‘ಸಾಹಿಬ್ ಬೀಬಿ ಔರ್ ಗುಲಾಮ್’ನಿಂದ. ‘ಕಾಗಜ್ ಕೆ ಫೂಲ್’ ಆಮೇಲೆ ಇರಲಿ, ಅದನ್ನು ಮೊಬೈಲಿನಲ್ಲಿ ಮಾತ್ರ ನೋಡಬೇಡಿ. ಇಕ್ಕೆಲ ಕತ್ತರಿಸಿ ಟಿ.ವಿ. ಚೌಕಟ್ಟಿಗೆ ಹೊಂದಿಸಿದ ಪ್ರತಿ ಸಿಕ್ಕಿದರೆ ಬಿಟ್ಟುಬಿಡಿ. ಕಪ್ಪು ಬೂದಿಬಣ್ಣವಾಗಿ ಕಾಣುವ ಕಳಪೆ ಪ್ರತಿಗಳೂ ಬಹಳ ಇವೆ, ಅವುಗಳಲ್ಲಿ ನೋಡಿದರೆ ಇಷ್ಟೆಲ್ಲ ಹೊಗಳುವುದೇಕೆ ಎಂದು ನಿಮಗೆ ಅನ್ನಿಸುವುದು ಸಹಜ. ಎರಡನೆಯ ಸಲ ನೋಡುವಾಗ ಒಂದು ಹಾಡನ್ನು ಸದ್ದಿಲ್ಲದೆ ಹಾಕಿ. ನಟಿಯ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿದರೆ ಮುಖ್ಯ ದೀಪ ಎಲ್ಲಿತ್ತೆಂದು ಗೊತ್ತಾಗುತ್ತದೆ. ಕಣ್ಣಿನೊಳಗಿನ ಬಿಳಿ ಚುಕ್ಕೆಗಳನ್ನು ಎಣಿಸಿದರೆ ಮುಂದಿನಿಂದ ಎಷ್ಟು ದೀಪ ಎಂಬುದೂ.